ನೀವು ನೀರು ಎಲ್ಲಿಂದ ಕುಡಿಯುತ್ತೀರಿ?

ಮಗಳ ಮನೆಯ ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿಟ್ಟಿದ್ದ ಕಾಗದವೊಂದನ್ನು ನಾನು ಎಂಟು ದಿನ ಕರೆಂಟ್ ಬಿಲ್ ಅಂತಲೇ ತಿಳಿದಿದ್ದೆ. ಒಂಬತ್ತನೇ ದಿನ ದೋಸೆ ಹಿಟ್ಟಿನ ಪಾತ್ರೆ ತೆಗೆಯುವಾಗ ಅಯಸ್ಕಾಂತ ಜಾರಿ ಅದು ನೆಲಕ್ಕೆ ಬಿತ್ತು. ಎತ್ತಿಕೊಂಡು, ಕನ್ನಡಕ ಹುಡುಕಿ ಓದಿದೆ. ನನ್ನ ಇಂಗ್ಲಿಷು ಶಿರಸಿಯಲ್ಲಿ ಪಿಯುಸಿಗೇ ನಿಂತದ್ದು. ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಸಂಜೆ ಮಗಳು ಬಂದ ಮೇಲೆ ಕೇಳಿದೆ.

"ಎಂತದೇ ಇದು?"

"ಅದಾ? ಮೇಲಿನ ಗುಡ್ಡದಲ್ಲಿ ಮರ ಕಡಿತ್ವಡ ಆಯಿ. ಕೆಳಗಿದ್ದವು ಹಳ್ಳದ ನೀರು ಕುಡಿತ್ವ ಹೇಳಿ ಕೇಳಿದ್ದ."

"ಯಾರು ಕೇಳಿದ್ದು?"

"ಕಡಿಯವೇಯ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಕಡಿಯುವವನೇ ಕೇಳುವುದು! ಇದು 2023ರ ವಸಂತ. ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೆಲಸ ಮಾಡುತ್ತಾಳೆ, ಬಾಡಿಗೆ ಕಡಿಮೆ ಅಂತ ಗುಡ್ಡ ದಾಟಿ ಸಾಂತಾ ಕ್ರೂಜ್ ಕೌಂಟಿಯ ಫೆಲ್ಟನ್ ಹತ್ತಿರ ಇದ್ದಾಳೆ. ಬಾಣಂತನಕ್ಕೆಂದು ಹೋದ ನಾನು ಆರು ತಿಂಗಳು ಅಲ್ಲಿದ್ದೆ. ಕಾಗದ ಬಂದದ್ದು ಮನೆಯ ಯಜಮಾನಿಗೆ. "ನೀರು ಬಳಸುವವಳು ನೀನಲ್ಲವಾ" ಅಂತ ಅವಳು ಒಂದು ಪ್ರತಿಯನ್ನು ಮಗಳ ಕೈಗೂ ಕೊಟ್ಟಿದ್ದಳಂತೆ. ಅಲ್ಲಿನ ನಿಯಮ ಹೀಗಿದೆ: ಯಾರಾದರೂ ತಮ್ಮ ಕಾಡಿನಲ್ಲಿ ನಾಟಾಕ್ಕೆಂದು, ಅಂದರೆ ಮಾರುವ ದಿಮ್ಮಿಗೆಂದು, ಮರ ಕಡಿಸುವುದಾದರೆ ಮೊದಲು ಪರವಾನಗಿ ಪಡೆದ ಅರಣ್ಯ ತಜ್ಞನಿಂದ ಒಂದು ಯೋಜನೆ ಬರೆಸಬೇಕು. ಆ ಯೋಜನೆಯ ಗಡಿಯಿಂದ 300 ಅಡಿಯೊಳಗೆ ಜಮೀನಿದ್ದವರಿಗೆ ತಿಳಿವಳಿಕೆ ಪತ್ರ ಹೋಗಬೇಕು. ಹಳ್ಳದ ಕೆಳದಿಕ್ಕಿಗೆ 1,000 ಅಡಿಯೊಳಗಿನ ಜಮೀನಿನವರಿಗೆ ಬೇರೆಯೇ ಒಂದು ಪತ್ರ: ನೀವು ಮನೆ ಬಳಕೆಗೆ ಈ ಹಳ್ಳದ ನೀರು ತೆಗೆಯುತ್ತೀರಾ, ತೆಗೆಯುವುದಾದರೆ ಎಲ್ಲಿ?

ಆ ರಾತ್ರಿ ನಿದ್ದೆ ಬರಲಿಲ್ಲ. ಮೊಮ್ಮಗುವೂ ಮಲಗಲಿಲ್ಲ ಅನ್ನಿ. ಆದರೆ ನನ್ನ ಕಾರಣ ಬೇರೆ.

ನಮ್ಮ ಮನೆಗೆ ಅಬ್ಬಿ ನೀರು. ಶಿರಸಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಮೇಲೆ ಕಾನಿನ ಬುಡದಲ್ಲಿ ಜಲ ಒಸರುತ್ತದೆ. ಅದನ್ನು ತಡೆದು, ಮೊದಲಾದರೆ ಅಡಿಕೆ ದಬ್ಬೆಯಲ್ಲಿ, ಈಗ ಕರಿ ಪೈಪಿನಲ್ಲಿ ಮನೆಗೆ ತರುತ್ತೇವೆ. ಪಂಪಿಲ್ಲ, ಕರೆಂಟಿಲ್ಲ, ಮೀಟರಿಲ್ಲ. ಬಚ್ಚಲ ಹಿಂದಿನ ಕಲ್ಲು ಮರಿಗೆಗೆ ಹಗಲೂ ರಾತ್ರಿ ಬೀಳುವ ಆ ಸದ್ದು ಇಲ್ಲದಿದ್ದರೆ ನಮಗೆ ಕಿವಿ ಕಟ್ಟಿದ ಹಾಗಾಗುತ್ತದೆ. ನಮ್ಮ ಕೇರಿಯ ಹನ್ನೊಂದು ಮನೆಗಳಿಗೆ ಒಂದೇ ಅಬ್ಬಿ. ಅದು ಹುಟ್ಟುವ ಜಾಗ ಮಾತ್ರ ನಮ್ಮದಲ್ಲ. ಮೇಲಿನಮನೆಯವರ ಮಾಲ್ಕಿ.

2018ರ ನವೆಂಬರದಲ್ಲಿ ಒಂದು ದಿನ ಅಬ್ಬಿಯ ಕಸ ತೆಗೆಯಲು ಹೋದ ಮಾಣಿ ಓಡಿಬಂದು, ಮರಗಳ ಮೇಲೆಲ್ಲ ನಂಬರು ಬರೆದಿದ್ದಾರೆ ಎಂದ. ಹೋಗಿ ನೋಡಿದೆ. ಎದೆ ಮಟ್ಟದಲ್ಲಿ ತೊಗಟೆಯನ್ನು ಅಂಗೈ ಅಗಲ ಕೆತ್ತಿ, ಬಿಳಿ ಬಣ್ಣ ಬಳಿದು, ಅದರ ಮೇಲೆ ಕರಿ ಅಂಕಿ. ಮತ್ತಿ, ಕಿಂದಳ, ನಂದಿ, ಹೊನ್ನೆ, ಎರಡು ಹಳೇ ಮಾವು. ಒಂದರಿಂದ 41ರವರೆಗೆ ಎಣಿಸಿದೆ. 17ನೇ ನಂಬರಿನ ಮತ್ತಿ ಮರದ ಬೇರಿನ ಸಂದಿಯಿಂದಲೇ ನಮ್ಮ ಜಲ ಒಸರುವುದು. ಮತ್ತಿಯ ತೊಗಟೆ ಮೊಸಳೆ ಬೆನ್ನಿನ ಹಾಗೆ ಚೌಕ ಚೌಕ ಒಡೆದಿರುತ್ತದೆ. ಬೇಸಿಗೆಯಲ್ಲಿ ಕೆಲವು ಮತ್ತಿಯ ಕಾಂಡ ಉಬ್ಬಿರುವ ಕಡೆ ಕತ್ತಿಯಿಂದ ಕಚ್ಚು ಹಾಕಿದರೆ ನೀರೇ ಚಿಮ್ಮುತ್ತದೆ. ಹಿಂದೆ ದನ ಕಾಯುವವರು ಕುಡಿಯುತ್ತಿದ್ದರು. ಅಂಥ ಮರದ ಎದೆಯ ಮೇಲೆ ಆ ಅಂಕಿ ನೋಡಿ, ಪೋಸ್ಟ್‌ಮಾರ್ಟಂಗೆ ಸಾಲಾಗಿ ಮಲಗಿಸಿದವರ ಕಾಲಿಗೆ ಚೀಟಿ ಕಟ್ಟುತ್ತಾರಲ್ಲ, ಅದು ನೆನಪಾಯಿತು.

ನಾನಾಗ ಗ್ರಾಮ ಪಂಚಾಯತಿ ಸದಸ್ಯೆ. ಮಹಿಳಾ ಮೀಸಲಿನಲ್ಲಿ ನಿಂತು, ಎದುರಾಳಿ ನಾಮಪತ್ರ ಹಿಂದೆ ತೆಗೆದುಕೊಂಡದ್ದರಿಂದ ಆರಿಸಿ ಬಂದವಳು. ಮೂರು ವರ್ಷ ಮೋರಿ, ಬೀದಿದೀಪ, ನರೇಗಾ ಇಷ್ಟರಲ್ಲೇ ಕಳೆದಿದ್ದೆ. ಈಗ ಕೇರಿಯವರೆಲ್ಲ ನಮ್ಮ ಜಗಲಿಗೆ ಬಂದು ಕೂತರು. ಮೇಲಿನಮನೆಯವರನ್ನು ಬೈಯಲು ಯಾರಿಗೂ ಮನಸ್ಸಿಲ್ಲ. ತಾಯಿಗೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಿಂಗಳಾನುಗಟ್ಟಲೆ ಚಿಕಿತ್ಸೆ, ಕೊಳೆ ರೋಗ ಬಂದು ಎರಡು ವರ್ಷದ ಅಡಿಕೆ ಹೋಗಿತ್ತು, ಸೊಸೈಟಿ ಸಾಲ. ನಾಟಾ ವ್ಯಾಪಾರಿ ನಿಂತ ಮರಕ್ಕೇ ಮುಂಗಡ ಕೊಟ್ಟಿದ್ದ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಮಾರುತ್ತಿದ್ದೆನೇನೋ.

ಅವರ ಕಾಗದಪತ್ರವೂ ಸರಿಯಾಗಿತ್ತು. ನಮ್ಮಲ್ಲಿ ಮಾಲ್ಕಿ ಜಮೀನಿನ ಮರವಾದರೂ ಹೇಳದೆ ಕೇಳದೆ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಅದರಡಿ ವೃಕ್ಷಾಧಿಕಾರಿ ಎಂಬ ಅರಣ್ಯ ಇಲಾಖೆಯ ಅಧಿಕಾರಿಗೆ ಅರ್ಜಿ ಹಾಕಬೇಕು. ನೀಲಗಿರಿ, ಗಾಳಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವಕ್ಕಷ್ಟೇ ವಿನಾಯಿತಿ. ಅನುಮತಿ ಸಿಕ್ಕರೆ ಕಡಿದ ಮರಕ್ಕೆ ಬದಲಿ ಗಿಡ ನೆಡಬೇಕು. ಕಡಿದ ನಾಟಾ ಸಾಗಿಸಲು ಮತ್ತೆ ಪಾಸು, ತುಂಡಿನ ತಲೆಗೆ ಇಲಾಖೆಯ ಸುತ್ತಿಗೆ ಮುದ್ರೆ.

ಈ ಕಾಯ್ದೆ ನನಗೆ ಹೊಸದಲ್ಲ. ಅದಕ್ಕೂ ಎರಡು ವರ್ಷ ಮೊದಲು ನಮ್ಮ ಕೊಟ್ಟಿಗೆ ಮೇಲೆ ವಾಲಿದ್ದ ಒಂದು ಮರ ತೆಗೆಸಲು ನಾನೇ ಅರ್ಜಿ ಹಾಕಿದ್ದೆ. ಪಹಣಿ, ನಕಾಶೆ, ಸರ್ವೆಯವರ ಗಡಿ ಗುರುತು, ಮತ್ತೊಂದು ಪಹಣಿ (ಮೊದಲನೆಯದು ಹಳತಾಯಿತಂತೆ). ಕಾಗದ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಆಷಾಢ ಬಂತು. ಒಂದು ರಾತ್ರಿ ಗಾಳಿಗೆ ಕೊಂಬೆ ಮುರಿದು ಕೊಟ್ಟಿಗೆಯ ಮೂಲೆ ಹೆಂಚೆಲ್ಲ ಪುಡಿಯಾಯಿತು. ಗೌರಿ ಆಕಳಿನ ಕೋಡು ಮುರಿಯಿತು. ಅನುಮತಿ ಬಂದದ್ದು ಹದಿನಾರು ದಿನ ಬಿಟ್ಟು. ಹಾಗಾಗಿ ಮರ ಕಡಿಯುವವರಿಗೆ ಸರ್ಕಾರ ಕೊಡುವ ಕಾಟ ಎಂಥದ್ದು ಅಂತ ನನಗೆ ಗೊತ್ತು. ಆ ಅರ್ಜಿಯ ಕಾಲಮ್ಮುಗಳೂ ಬಾಯಿಪಾಠ: ಸರ್ವೆ ನಂಬರು, ಕ್ಷೇತ್ರ, ಮರದ ಜಾತಿ, ಸುತ್ತಳತೆ, ಕಡಿಯಲು ಕಾರಣ. ಮರ ಯಾರದ್ದು ಅಂತ ಅದು ಹತ್ತು ಸಲ ಕೇಳುತ್ತದೆ. ಮರದ ಕೆಳಗೆ ಯಾರಿದ್ದಾರೆ ಅಂತ ನಾನು ತುಂಬಿದ ಕಾಗದದಲ್ಲಿ ಎಲ್ಲೂ ಕೇಳಿರಲಿಲ್ಲ.

ಪಂಚಾಯತಿಯಲ್ಲಿ ಠರಾವು ಮಾಡಿದೆವು. "ಕುಡಿಯುವ ನೀರಿನ ಅಬ್ಬಿಗಳ ಸುತ್ತ ನೂರು ಮಾರಿನೊಳಗೆ, ಜಮೀನು ಯಾರದ್ದೇ ಇರಲಿ, ಪಂಚಾಯತಿಯ ಒಪ್ಪಿಗೆ ಇಲ್ಲದೆ ಮರ ಕಡಿಯತಕ್ಕದ್ದಲ್ಲ." ಮಾರು ಅಂತ ಬರೆಸಿದ್ದು ನಾನೇ. ಮೀಟರು ಅಂದರೆ ಟೇಪು ಹಿಡಿದುಕೊಂಡು ಜಗಳವಾಗುತ್ತದೆ, ಮಾರಾದರೆ ಯಾರ ಕೈಯಲ್ಲೂ ಅಳೆಯಬಹುದು ಅನ್ನುವ ಬುದ್ಧಿವಂತಿಕೆ. ಪಿಡಿಒ ಬರೆಯಲು ಹಿಂದೆಮುಂದೆ ನೋಡಿದರು. "ಮೇಡಂ, ಇದು ನಮ್ಮ ವ್ಯಾಪ್ತಿಗೆ ಬರೂದಿಲ್ಲ ಅನ್ಸ್ತದೆ." ಹದಿಮೂರರಲ್ಲಿ ಹನ್ನೊಂದು ಜನ ಕೈ ಎತ್ತಿದ ಮೇಲೆ ಬರೆದರು.

ಇಪ್ಪತ್ತು ದಿನಕ್ಕೆ ವಕೀಲರ ನೋಟಿಸು. ಅದಾದ ಮೇಲೆ ಶಿರಸಿ ಕೋರ್ಟಿನಲ್ಲಿ ದಾವೆ, ಪಂಚಾಯತಿಯ ಮೇಲೆ ತಡೆಯಾಜ್ಞೆ ಕೋರಿ. ಮೇಲಿನಮನೆಯವರಿಗೆ ವಕೀಲರ ಫೀಸು ಕೊಡುವ ಶಕ್ತಿ ಇರಲಿಲ್ಲ, ವ್ಯಾಪಾರಿಯೇ ಕೊಟ್ಟ ಅಂತ ಸುದ್ದಿ. ನೋಟಿಸಿನ ಭಾಷೆ ಮಾತ್ರ ಚೆನ್ನಾಗಿತ್ತು. "ಅಧಿಕಾರವ್ಯಾಪ್ತಿಯ ಲವಲೇಶವೂ ಇಲ್ಲದೆ" ಅಂತ ಒಂದು ಸಾಲು. ನಮ್ಮ ಮನೆಯಲ್ಲಿ ಇವತ್ತಿಗೂ ಯಾರಾದರೂ ಕೇಳದೆ ಕೊನೆಯ ಹೋಳಿಗೆ ತೆಗೆದುಕೊಂಡರೆ ಆ ಮಾತು ಹೇಳುತ್ತೇವೆ.

ನಾನು ನಿಲೇಕಣಿಯಲ್ಲಿರುವ ನಮ್ಮ ದೂರದ ಸಂಬಂಧಿಯೊಬ್ಬರ ಹತ್ತಿರ ಹೋದೆ. ನಲವತ್ತು ವರ್ಷ ವಕೀಲಿ ಮಾಡಿ ಬಿಟ್ಟವರು. ಠರಾವಿನ ನಕಲು ಓದಿ, ಎಲೆಗೆ ಸುಣ್ಣ ಹಚ್ಚುತ್ತಾ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, "ತಂಗಿ, ಪಂಚಾಯ್ತಿಗೆ ಗಿಡ ನೆಡಲೆ ಅಧಿಕಾರ ಇದ್ದು. ಉಳ್ಸಲೆ ಇಲ್ಲೆ" ಅಂದರು.

ತಮಾಷೆ ಅಂದುಕೊಂಡೆ. ತಮಾಷೆ ಅಲ್ಲ. ಅವರು ಬಿಡಿಸಿ ಹೇಳಿದ್ದು ಇಷ್ಟು. 73ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ ಹನ್ನೊಂದನೇ ಅನುಸೂಚಿಯಲ್ಲಿ ಪಂಚಾಯತಿಗೆ ಕೊಡಬಹುದಾದ 29 ವಿಷಯಗಳಿವೆ. ಅದರಲ್ಲಿ ಸಾಮಾಜಿಕ ಅರಣ್ಯ, ತೋಟದ ಅರಣ್ಯ, ಕಿರು ಅರಣ್ಯ ಉತ್ಪನ್ನ ಇವೆ. ಅಂದರೆ ಗುಂಡಿ ತೋಡು, ಗಿಡ ಹಚ್ಚು, ಸೀಗೆಕಾಯಿ ಲೆಕ್ಕ ಇಡು. ಬೆಳೆದು ನಿಂತ ಮರದ ಪ್ರಶ್ನೆ ಬಂದರೆ ಅರಣ್ಯ ಕಾಯ್ದೆ, ವೃಕ್ಷ ಕಾಯ್ದೆ. ಎರಡೂ ರಾಜ್ಯದ್ದು, ಎರಡರಲ್ಲೂ ಅಧಿಕಾರ ಇಲಾಖೆಯದ್ದು. ಅದರ ಮೇಲೆ ಕೇಂದ್ರ. ಅರಣ್ಯ ಎಂಬ ವಿಷಯವೇ 1976ರ 42ನೇ ತಿದ್ದುಪಡಿಯಲ್ಲಿ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಅದಕ್ಕೂ ಮೇಲೆ ಸುಪ್ರೀಂ ಕೋರ್ಟು: ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರ ಆದೇಶ, ಒಡೆತನ ಯಾರದ್ದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡೇ ಎಂದಿತು. "ದಿಲ್ಲಿಯಿಂದ ಬೆಂಗಳೂರಿನವರೆಗೆ ಎಲ್ಲರಿಗೂ ನಿನ್ನ ಮತ್ತಿಮರದ ಮೇಲೆ ಒಂದೊಂದು ಅಧಿಕಾರ ಇದೆ. ಅದರ ನೀರು ಕುಡಿಯುವವರಿಗೆ ಇಲ್ಲ" ಎಂದರು.

ನಮ್ಮ ಕಡೆಯ ಕಾಡಿನ ಕತೆಯೇ ಹೀಗೆ, ಯಾರದ್ದು ಅಂತ ಕೇಳಿದರೆ ಉತ್ತರ ಒಂದೇ ಇರುವುದಿಲ್ಲ. ಸೊಪ್ಪಿನ ಬೆಟ್ಟವನ್ನೇ ನೋಡಿ, ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡು ಅದು. ಎಕರೆ ತೋಟಕ್ಕೆ ಒಂಬತ್ತು ಎಕರೆ ಬೆಟ್ಟ ಅಂತ ಘಟ್ಟದ ಮೇಲೆ ಎಲ್ಲರೂ ಹೇಳುತ್ತಾರೆ. ಬ್ರಿಟಿಷರ ಕಾಲದಿಂದ ಬಂದ ಸವಲತ್ತು. ಸೊಪ್ಪು ಕಡಿ, ದರಕು ಗುಡಿಸು, ಹುಲ್ಲು ಕೊಯ್ಯಿ. ಆದರೆ ನೆಲ ಇಲಾಖೆಯದ್ದು, ಮರವೂ ಇಲಾಖೆಯದ್ದು. ಎಲೆ ನನ್ನದು, ಕಾಂಡ ನಿನ್ನದು, ನೆರಳು ಯಾರದ್ದೋ. ಗಂಧದ ಮರ ನಮ್ಮ ಹಿತ್ತಿಲಲ್ಲೇ ಹುಟ್ಟಿದರೂ 2001ರ ತಿದ್ದುಪಡಿ ಆಗುವವರೆಗೆ ಸರ್ಕಾರದ್ದು. ನನ್ನ ಅತ್ತೆ ಹಿತ್ತಿಲಲ್ಲಿ ಗಂಧದ ಸಸಿ ಕಂಡರೆ ಚಿವುಟಿ ಒಗೆಯುತ್ತಿದ್ದರು, ದೊಡ್ಡದಾದರೆ ಪೊಲೀಸರು ಬರುತ್ತಾರೆ ಅಂತ.

1983ರ ಸೆಪ್ಟೆಂಬರದಲ್ಲಿ ಸಾಲ್ಕಣಿಯವರು ಕಳಸೆ ಕಾಡಿಗೆ ನಡೆದು ಮರ ತಬ್ಬಿಕೊಂಡಾಗ ನಾನು ಹದಿನಾರರ ಹುಡುಗಿ. ಅಪ್ಪಿಕೋ ಅಂದರೆ ಏನೋ ನಾಟಕ ಅಂದುಕೊಂಡಿದ್ದೆ. ಆ ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆಯವರು ಆಮೇಲೆ ನಮ್ಮೂರಿಗೂ ಬಂದು ಮಾತಾಡಿದ್ದರು. ಉಳಿಸು, ಬೆಳೆಸು, ಬಳಸು ಅಂತ ಶಾಲೆ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆದದ್ದು ಎಷ್ಟೋ ವರ್ಷ ಇತ್ತು. ಆಗ ಲೆಕ್ಕ ಸುಲಭವಾಗಿತ್ತು: ಇಲಾಖೆ ಕಡಿಸುತ್ತದೆ, ಊರು ತಬ್ಬುತ್ತದೆ. ಈಗ ಕಡಿಯುವವರು ನಮ್ಮ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುವವರು. ತಬ್ಬಿಕೊಳ್ಳುವುದಾದರೆ ಅವರ ತಾಯಿಯ ಆಸ್ಪತ್ರೆ ಬಿಲ್ಲಿಗೆ ಯಾರು ಅಡ್ಡ ನಿಲ್ಲುತ್ತಾರೆ? ನನ್ನಿಂದ ಆಗಲಿಲ್ಲ.

ಠರಾವು ಹಿಂದೆ ತೆಗೆದುಕೊಂಡೆವು. ಪಂಚಾಯತಿಯ ಹಣದಲ್ಲಿ ವಕೀಲರಿಗೆ ಕೊಟ್ಟರೆ ಆಡಿಟ್ ಆಕ್ಷೇಪ ಬರುತ್ತದೆ, ಸದಸ್ಯರ ಕೈಯಿಂದಲೇ ವಸೂಲಿ ಅಂತ ಯಾರೋ ಹೆದರಿಸಿದರು, ಅಷ್ಟು ಸಾಕಾಯಿತು. ಹೊಂದಾಣಿಕೆಯ ಮಾತಾಗಿ, ಒರತೆಗೆ ತಾಗಿಕೊಂಡೇ ಇದ್ದ ಮೂರು ಮರ ಸದ್ಯ ಬಿಡುವುದು ಅಂತಾಯಿತು. 17ನೇ ನಂಬರು ಅದರಲ್ಲೊಂದು. ಉಳಿದ 38 ಎರಡು ವಾರದಲ್ಲಿ ಹೋದವು. ಯಂತ್ರದ ಗರಗಸದ ಸದ್ದು ನಿಂತ ಮೇಲೆ ಗಾರ್ಡು ಬಂದು ತುಂಡಿನ ತಲೆಗೆಲ್ಲ ಸುತ್ತಿಗೆ ಹೊಡೆದರು. ಟಣ್ ಅಂತಲ್ಲ, ದಬ್ ಅಂತ ಹಸಿ ಸದ್ದು, ತೆಂಗಿನಕಾಯಿ ನೆಲಕ್ಕೆ ಬಿದ್ದ ಹಾಗೆ. ಮುದ್ರೆಯ ಗುಳಿಯಲ್ಲಿ ರಸ ತುಂಬಿಕೊಳ್ಳುತ್ತಿತ್ತು.

2019ರ ಬೇಸಿಗೆಯಲ್ಲಿ ಅಬ್ಬಿ ಬೆರಳಿನಷ್ಟಾಯಿತು. ಮರ ಕಡಿದದ್ದಕ್ಕೇ ಅಂತ ಕೇರಿಯವರೆಲ್ಲ ಹೇಳುತ್ತಾರೆ. ನಾನು ಹೇಳುವುದಿಲ್ಲ. ಆ ವರ್ಷ ಇಡೀ ಕರಾವಳಿ ಮಲೆನಾಡಿಗೇ ನೀರಿರಲಿಲ್ಲ, ಮುಂಗಾರು ತಡವಾಗಿತ್ತು. ಆಗಸ್ಟಿನಲ್ಲಿ ಬಂದ ಮಳೆ ಸಾಕಪ್ಪಾ ಅನ್ನಿಸಿತು. ಆಗ ಮೇಲಿನಿಂದ ಕೆಮ್ಮಣ್ಣು ಇಳಿದು ನಾಲ್ಕು ದಿನ ಅಬ್ಬಿಯಲ್ಲಿ ಚಹಾ ಬಣ್ಣದ ನೀರು ಬಂತು. ಇಷ್ಟು ನಾನು ಕಣ್ಣಾರೆ ಕಂಡದ್ದು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಜರಿದು ತೋಟಗಳೇ ಹೋದ ಮೇಲೆ ನಮ್ಮ ಕೇರಿಯ ಮುದುಕರು ಮಳೆಗಾಲದ ರಾತ್ರಿ ಸರಿಯಾಗಿ ಮಲಗುವುದಿಲ್ಲ.

ಇನ್ನೊಂದು ತಮಾಷೆ ಹೇಳಿಬಿಡುತ್ತೇನೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ, ಅದು ಊರಿನ ಮರ ಗಿಡ ಪ್ರಾಣಿಗಳ ದಾಖಲೆ ಪುಸ್ತಕ ಬರೆಯಬೇಕು. ಹದಿನೇಳು ವರ್ಷ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿದ್ದೇ ತಡ, ಎಲ್ಲ ಕಡೆ ಗಡಿಬಿಡಿ. ನಾನೂ ಸಮಿತಿಯಲ್ಲಿದ್ದೆ. ಪುಸ್ತಕ ಬರೆಯಲು ಬಂದ ಹುಡುಗರು ಹಳೇ ಪಟ್ಟಿ ನೋಡಿ "ಅಬ್ಬಿಯ ಮೇಲ್ಭಾಗ: ದೊಡ್ಡ ಗಾತ್ರದ ನಂದಿ, ಹೊನ್ನೆ" ಅಂತ ಬರೆದರು. ಅವು ಕಾರವಾರವನ್ನೋ ಹುಬ್ಬಳ್ಳಿಯನ್ನೋ ಸೇರಿ, ಯಾರ ಮನೆಯ ಬಾಗಿಲ ಚೌಕಟ್ಟಾಗಿ, ವರ್ಷವಾಗಿತ್ತು. ನಾನು ಸಹಿ ಹಾಕಿದೆ. ಪುಸ್ತಕದಲ್ಲಾದರೂ ಇರಲಿ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಆ ಕಾಗದ ಓದಿದ್ದರಿಂದಲೇ ನಿದ್ದೆ ಹೋದದ್ದು. ಮರುದಿನದಿಂದ ಮಗಳ ಬೆನ್ನು ಹತ್ತಿದೆ, ಇಲ್ಲಿ ಪಂಚಾಯತಿಯವರಿಗೆ ಅಧಿಕಾರ ಇದೆಯೇನೇ, ಹುಡುಕು ಅಂತ. ಎರಡು ಸಂಜೆ, ಮಗು ಅವಳ ತೊಡೆಯ ಮೇಲೆ, ಲ್ಯಾಪ್‌ಟಾಪ್ ಮೇಜಿನ ಮೇಲೆ, ಅವಳು ಓದಿ ಓದಿ ಕನ್ನಡದಲ್ಲಿ ಹೇಳಿದಳು. ನಮ್ಮ ಠರಾವಿನದ್ದೇ ಕತೆ, ಅಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು.

ಕ್ಯಾಲಿಫೋರ್ನಿಯಾ ರಾಜ್ಯದ್ದು 1973ರ ಒಂದು ಅರಣ್ಯ ಕಾಯ್ದೆ. ನಾಟಾ ಕಟಾವಿನ ನಿಯಮವೆಲ್ಲ ರಾಜ್ಯದ ಅರಣ್ಯ ಮಂಡಳಿ ಮಾಡುವುದು. ಕೌಂಟಿಗಳು, ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲಾ ಪಂಚಾಯತಿಗಳು, ತಮ್ಮ ತಮ್ಮ ನಿಯಮ ಸೇರಿಸುತ್ತಿದ್ದವು. 1982ರಲ್ಲಿ ಶಾಸನಸಭೆ ಅದನ್ನು ಕಿತ್ತುಕೊಂಡಿತು: ಕಟಾವು ನಡೆಸುವ ರೀತಿಯನ್ನು ಕೌಂಟಿ ನಿಯಂತ್ರಿಸುವಂತಿಲ್ಲ, ಬೇಕಿದ್ದರೆ ಮಂಡಳಿಗೆ ಸಲಹೆ ಕೊಡಲಿ. ಪಕ್ಕದ ಸ್ಯಾನ್ ಮಟೇಯೊ ಕೌಂಟಿ ಒಂದು ಉಪಾಯ ಮಾಡಿತು. ರೀತಿಯ ಮಾತು ಬೇಡ, ಜಾಗದ ಮಾತಾಡೋಣ ಅಂತ ಗ್ರಾಮೀಣ ವಲಯಗಳಲ್ಲಿ ವಾಸದ ಮನೆಗಳಿಂದ 1,000 ಅಡಿಯೊಳಗೆ ವಾಣಿಜ್ಯ ಕಟಾವು ನಿಷೇಧಿಸಿತು. ಬಿಗ್ ಕ್ರೀಕ್ ಲಂಬರ್ ಎಂಬ ನಾಟಾ ಕಂಪನಿ ಕೋರ್ಟಿಗೆ ಹೋಯಿತು; 1995ರಲ್ಲಿ ಮೇಲ್ಮನವಿ ನ್ಯಾಯಾಲಯ ಕೌಂಟಿಯ ಪರವಾಗಿ ಹೇಳಿತು. ಆಮೇಲೆ 1999ರಲ್ಲಿ ಸಾಂತಾ ಕ್ರೂಜ್ ಕೌಂಟಿಯೂ ನಾಟಾ ಕಟಾವು ಇಂತಿಂಥ ವಲಯದಲ್ಲಿ ಮಾತ್ರ ಅಂತ ಗೆರೆ ಎಳೆಯಿತು. ಹೆಲಿಕಾಪ್ಟರಿನಲ್ಲಿ ದಿಮ್ಮಿ ಎತ್ತುವುದಾದರೆ ಅದನ್ನು ಇಳಿಸುವ ಜಾಗ ಎಲ್ಲಿರಬೇಕು ಅಂತಲೂ ಕಟ್ಟುಹಾಕಿತು. ಮತ್ತೆ ಅದೇ ಕಂಪನಿ, ಮತ್ತೆ ದಾವೆ. 2006ರ ಜೂನ್ 29ರಂದು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟು ಈ ಎರಡೂ ಕಟ್ಟಳೆಗಳನ್ನು ಎತ್ತಿಹಿಡಿಯಿತು.

ಮಗಳು ತೀರ್ಪಿನ ಸಾರ ಹೇಳಿದ್ದು ಎರಡೇ ಶಬ್ದದಲ್ಲಿ. "ಹೇಗೆ ಕಡಿಯವು ಹೇಳದು ರಾಜ್ಯದ್ದು. ಎಲ್ಲಿ ಕಡಿಯವು ಹೇಳದು ಊರಿಂದು."

ಹೇಗೆ, ಎಲ್ಲಿ. ನಾನು ಅಂಗಳಕ್ಕೆ ಹೋಗಿ ನಿಂತೆ. ಅವರ ಮನೆಯ ಹಿಂದೆ ಒಂದು ಹಳೇ ರೆಡ್‌ವುಡ್ ಬುಡ ಇದೆ, ನಮ್ಮ ಅಡುಗೆಮನೆಯಷ್ಟು ಅಗಲ. ಎರಡಾಳು ಎತ್ತರದಲ್ಲಿ ಅದರ ಮೈಗೆ ಎರಡು ಕಚ್ಚು, ಕಣ್ಣಿನ ಹಾಗೆ. ಹಿಂದೆ ಕಡಿಯುವವರು ಆ ಕಚ್ಚಿಗೆ ಹಲಗೆ ಸಿಕ್ಕಿಸಿ, ಅದರ ಮೇಲೆ ನಿಂತು ಗರಗಸ ಎಳೆಯುತ್ತಿದ್ದರಂತೆ. ಹತ್ತೊಂಬತ್ತನೇ ಶತಮಾನದಲ್ಲಿ ಆ ಕಣಿವೆಯ ಮರವೆಲ್ಲ ಸುಣ್ಣದ ಗೂಡಿಗೆ, ಸ್ಯಾನ್ ಫ್ರಾನ್ಸಿಸ್ಕೋದ ಮನೆಗಳಿಗೆ ಹೋಯಿತು. ನಮ್ಮ ದಾಂಡೇಲಿಯ ಸಾಗುವಾನಿ ಮುಂಬಯಿಗೆ ಹೋದ ಹಾಗೆ. ಆದರೆ ರೆಡ್‌ವುಡ್ ಬುಡದಿಂದ ಮತ್ತೆ ಚಿಗುರುತ್ತದೆ. ಆ ಸತ್ತ ಬುಡದ ಸುತ್ತ ಏಳು ಮರ, ಅಜ್ಜನ ಸುತ್ತ ಮೊಮ್ಮಕ್ಕಳ ಹಾಗೆ ವೃತ್ತವಾಗಿ ನಿಂತಿದ್ದವು.

ನಮ್ಮ ನೂರು ಮಾರು "ಎಲ್ಲಿ"ಗೆ ಸೇರುತ್ತಿತ್ತೋ "ಹೇಗೆ"ಗೆ ಸೇರುತ್ತಿತ್ತೋ ಅಂತ ಅಲ್ಲೇ ನಿಂತು ಯೋಚಿಸಿದೆ. ನಮ್ಮ ಪಂಚಾಯತಿಗೆ ಎರಡೂ ಇಲ್ಲ ಅನ್ನುವುದು ನೆನಪಾಗಿ ಒಳಗೆ ಬಂದೆ.

ಅಮೆರಿಕದ್ದೆಲ್ಲ ಒಳ್ಳೆಯದು ಅಂತ ಬರೆಯುತ್ತಿಲ್ಲ. ಮಗಳ ಮನೆ ಯಜಮಾನಿಯ ಗಂಡ ಬೇರೆಯೇ ಹೇಳಿದ. ಆ ಬಿಗ್ ಕ್ರೀಕ್ ಕಂಪನಿ ದೂರದ ಯಾವುದೋ ದೈತ್ಯ ಕಂಪನಿಯಲ್ಲ, 1946ರಿಂದ ಅದೇ ಕೌಂಟಿಯ ಡೇವನ್‌ಪೋರ್ಟಿನಲ್ಲಿರುವ ಮನೆತನದ ವ್ಯವಹಾರ. ಆ ಭಾಗದಲ್ಲಿ ಕಾಡು ಬೋಳು ಮಾಡುವಂತೆಯೇ ಇಲ್ಲ, ಆಯ್ದ ಮರವನ್ನಷ್ಟೇ ತೆಗೆಯಬೇಕು. ಅವನ ದೂರು ಏನೆಂದರೆ, ಐಟಿಯಲ್ಲಿ ದುಡ್ಡು ಮಾಡಿ ಕಾಡಿನ ನಡುವೆ ಬಂಗಲೆ ಕಟ್ಟಿಸಿದವರಿಗೆ ಗರಗಸದ ಸದ್ದು ಆಗುವುದಿಲ್ಲ, ಹಾಗಾಗಿ ಕೌಂಟಿಗೆ ಓಡುತ್ತಾರೆ. ಅವರ ಬಂಗಲೆಯ ಮರದ ಗೋಡೆ ಮಾತ್ರ ಎಲ್ಲಿಂದ ಬಂತು ಅಂತ ಕೇಳಬಾರದು. ಮರದಿಂದ ಆದಾಯ ಇಲ್ಲ ಅಂತಾದರೆ ಕಾಡಿನ ಯಜಮಾನ ಜಾಗವನ್ನೇ ಸೈಟು ಮಾಡಿ ಮಾರುತ್ತಾನೆ, ಆಗ ಒಂದು ಮರವೂ ಉಳಿಯುವುದಿಲ್ಲ ಎಂದ. ನನಗೆ ಮೇಲಿನಮನೆಯವರ ಮುಖ ಕಂಡಿತು. ಅವರ ಪಕ್ಕದ ಗುಡ್ಡದಲ್ಲಿ ಈಗ ಹೋಂ ಸ್ಟೇ ಬಂದಿದೆ.

ಪಂಚಾಯತಿಯನ್ನು ಒಳಗಿನಿಂದ ನೋಡಿದವಳು ನಾನು. ನಮ್ಮ ಕೈಗೆ "ಎಲ್ಲಿ" ಎಂಬ ಅಧಿಕಾರ ಕೊಟ್ಟರೆ ಮೊದಲ ವರ್ಷ ಯಾರ ಮರ ನಿಲ್ಲುತ್ತಿತ್ತು ಅಂತ ಗೊತ್ತು: ಚುನಾವಣೆಯಲ್ಲಿ ಸೋತವರದ್ದು. ಬೇಲಿ ಜಗಳ, ದಾಯಾದಿ ಮತ್ಸರ, ದೇವಸ್ಥಾನದ ಮೊಕ್ತೇಸರಿಕೆ ಎಲ್ಲವೂ ಮರದ ಕೊಂಬೆಗೆ ಬಂದು ಜೋತು ಬೀಳುತ್ತಿತ್ತು. ಹಾಗಂತ ಎಂಬತ್ತು ಮೈಲಿ ಆಚೆ ಕೂತವರಿಗೆ ಇದೆಲ್ಲ ಇಲ್ಲ ಅಂತಲೂ ಅಲ್ಲ, ಅವರ ದಾಯಾದಿಗಳು ಬೇರೆ, ಅಷ್ಟೆ. ನನಗೆ ಈಗ ಅನ್ನಿಸುವುದು, ನಾವು ಠರಾವಿನಲ್ಲಿ ಕೇಳಿದ್ದೇ ತಪ್ಪು. ಒಪ್ಪಿಗೆ ಕೊಡುವ ಹಕ್ಕು ಕೇಳಿದೆವು. ಆ ಕಾಗದದಲ್ಲಿದ್ದದ್ದು ಅದಲ್ಲ. ಅದು ಕೆಳಗಿನವರ ಅಪ್ಪಣೆ ಕೇಳುವುದಿಲ್ಲ, ಅವರು ನೀರು ಎಲ್ಲಿಂದ ಕುಡಿಯುತ್ತಾರೆ ಅಂತ ಮಾತ್ರ ಕೇಳುತ್ತದೆ. ಉತ್ತರ ಬಂದರೆ ಯೋಜನೆಯಲ್ಲಿ ಬರೆದು ತೋರಿಸಬೇಕಾಗುತ್ತದೆ. ಬರೆದ ಮೇಲೆ ಆ ಮನೆ ಇಲ್ಲ ಅಂತ ಹೇಳಲಾಗುವುದಿಲ್ಲ.

ಮಗಳ ಮನೆಗೆ ನಲ್ಲಿ ನೀರು, ಹಳ್ಳದ್ದಲ್ಲ. ಹಾಗಾಗಿ ಯಜಮಾನಿ "ಇಲ್ಲ" ಅಂತ ಉತ್ತರ ಬರೆದಳು. ಕಾಗದದ ನಕಲು ನಾನು ಮಡಚಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡು ಬಂದೆ. ಈಗ ನಮ್ಮ ದೇವರ ಗೂಡಿನ ಕೆಳಗಿನ ಖಾನೆಯಲ್ಲಿದೆ, ಸೊಸೈಟಿ ಪಾಸ್‌ಬುಕ್ಕಿನ ಸಂಗಡ.

ಮೊನ್ನೆ ಮೇಲಿನಮನೆಯ ಮಗ ಫೋನು ಮಾಡಿದ್ದ. ತಂದೆ ಹೋಗಿ ಎರಡು ವರ್ಷ; ಇವನು ಬೆಂಗಳೂರಿನಲ್ಲಿದ್ದಾನೆ. ಉಳಿದ ಮೂರು ಮರಕ್ಕೆ ಹೊಸದಾಗಿ ಅರ್ಜಿ ಹಾಕಿದ್ದಾನಂತೆ. ಸ್ಥಳ ಮಹಜರಿಗೆ ಊರಿನವರ ಸಹಿ ಬೇಕು, "ನೀವು ಹಾಕಿದರೆ ಯಾರೂ ತಕರಾರು ಮಾಡುವುದಿಲ್ಲ ಅತ್ತೆ" ಎಂದ. ಒಳ್ಳೆಯ ಹುಡುಗ, ಚಿಕ್ಕವನಿದ್ದಾಗ ನಮ್ಮ ಮರಿಗೆಯಲ್ಲೇ ಸ್ನಾನ ಮಾಡುತ್ತಿದ್ದ. ಬಾ ನೋಡೋಣ ಅಂದೆ.

ನಿನ್ನೆ ಅಬ್ಬಿಗೆ ಹೋಗಿದ್ದೆ. ಕಡಿದ ಮತ್ತಿಯ ಬುಡಗಳಲ್ಲಿ ನಾಲ್ಕೈದು ಚಿಗುರಿವೆ, ಆಳೆತ್ತರ. 17ರ ಬಿಳಿ ಬಣ್ಣ ಇನ್ನೂ ಇದೆ. ತೊಗಟೆ ಸುತ್ತಲಿಂದ ಬೆಳೆದು ಬಂದು ಒಂದರ ಅರ್ಧವನ್ನು ನುಂಗಿದೆ, ಏಳು ಮಾತ್ರ ಪೂರ್ತಿ ಕಾಣುತ್ತದೆ. ಉಗುರಿನಿಂದ ಕೆರೆದೆ. ಹೋಗಲಿಲ್ಲ.

ಮಹಜರಿನಲ್ಲಿ ಮರದ ಜಾತಿ, ಅಳತೆ, ಚಕ್ಕುಬಂದಿ ಬರೆದು ಕೆಳಗೆ ಪಂಚರ ಸಹಿ. ಸಹಿಗೂ ಬರಹಕ್ಕೂ ನಡುವೆ ಒಂದೂವರೆ ಸಾಲಿನ ಜಾಗ ಇರುತ್ತದೆ, ನೋಡಿದ್ದೇನೆ. ಹನ್ನೊಂದು ಮನೆ ಇದರ ನೀರು ಕುಡಿಯುತ್ತವೆ ಅಂತ ಬರೆಯಲು ಅಷ್ಟು ಸಾಕು. ಬರೆದರೆ ಅದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ ಎಂದು ನಿಲೇಕಣಿಯವರು ಫೋನಿನಲ್ಲಿ ಹೇಳಿದರು, ಆಮೇಲೆ ಸ್ವಲ್ಪ ತಡೆದು, "ಕರಿ ಶಾಯಿಯಲ್ಲಿ ಬರಿ, ಝೆರಾಕ್ಸಿನಲ್ಲಿ ಸಮಾ ಬತ್ತು" ಅಂದರು.

ಗುರುವಾರ ಬರುತ್ತಾರೆ. ಹಾಲು ಅರ್ಧ ಲೀಟರು ಹೆಚ್ಚು ಇಟ್ಟುಕೊಳ್ಳಬೇಕು, ಗಾರ್ಡಿಗೆ ಎರಡು ಲೋಟ ಚಹಾ ಬೇಕಾಗುತ್ತದೆ.